ಲಾರಿ ನಿಂತ ಕಡೆ ಊಟ

ನಮ್ಮಪ್ಪನದು ಒಂದು ನಿಯಮ ಇತ್ತು. ದೂರದ ಊರಿಗೆ ಹೋಗುವಾಗ ಹಸಿವಾದರೆ ಹೋಟೆಲಿನ ಬೋರ್ಡು ನೋಡಬೇಡ, ಲೈಟು ನೋಡಬೇಡ, ಮುಂದೆ ಎಷ್ಟು ಲಾರಿ ನಿಂತಿವೆ ನೋಡು. ನಾಲ್ಕು ಲಾರಿ ಇದ್ದರೆ ಕಣ್ಣು ಮುಚ್ಚಿಕೊಂಡು ಒಳಗೆ ಹೋಗು.

ಹೋದ ತಿಂಗಳು ಬೆಂಗಳೂರಿನಿಂದ ದಾವಣಗೆರೆಗೆ ಹೊರಟಾಗ ಈ ನಿಯಮ ನೆನಪಾಯಿತು. ಸಿರಾ ದಾಟಿದ್ದೆವು. ಮಧ್ಯಾಹ್ನ ಎರಡೂವರೆ. ಹಿಂದಿನ ಸೀಟಿನಲ್ಲಿ ಮಗಳು ಚಿಪ್ಸ್ ಪ್ಯಾಕೆಟ್ ಖಾಲಿ ಮಾಡಿ ಮುಖ ಊದಿಸಿಕೊಂಡಿದ್ದಳು. ಎಡಗಡೆ ಒಂದು ಬೇವಿನ ಮರದ ಹತ್ತಿರ ಮೂರು ಉದ್ದುದ್ದ ಲಾರಿಗಳು ಸಾಲಾಗಿ ನಿಂತಿದ್ದು ಕಾಣಿಸಿತು. ನಾಲ್ಕಕ್ಕೆ ಒಂದು ಕಮ್ಮಿ, ಪರವಾಗಿಲ್ಲ ಅಂದುಕೊಂಡು ಕಾರು ಕೆಳಗಿಳಿಸಿದೆ.

ಹೋಟೆಲ್ ಇರಲಿಲ್ಲ.

ಇದ್ದದ್ದು ಒಂದು ಪುಟ್ಟ ಗ್ಯಾಸ್ ಸಿಲಿಂಡರು, ಅದರ ನೆತ್ತಿ ಮೇಲೇ ಕೂರಿಸಿದ ಒಲೆ, ಗಾಳಿಗೆ ಅಡ್ಡ ನಿಲ್ಲಿಸಿದ ರಟ್ಟಿನ ಪೆಟ್ಟಿಗೆ. ಒಬ್ಬ ಡ್ರೈವರ್ ಲಾರಿ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದ. ಇನ್ನೊಬ್ಬ ಕ್ಯಾನಿನಿಂದ ನೀರು ಬಗ್ಗಿಸಿ ಅಕ್ಕಿ ತೊಳೆಯುತ್ತಿದ್ದ. ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಅದರಲ್ಲೇ ತಟ್ಟೆ ತೊಳೆದ. ಮೂರನೆಯವನು ಕ್ಯಾಬಿನ್ನಿನಲ್ಲಿ ಮಲಗಿದ್ದ. ಕಿಟಕಿಯಿಂದ ಎರಡು ಪಾದ ಮಾತ್ರ ಹೊರಗೆ ಕಾಣುತ್ತಿದ್ದವು.

"ಇಲ್ಲೆಲ್ಲೂ ಹೋಟ್ಲು ಇಲ್ವಾ?" ಅಂದೆ, ಪೆದ್ದನ ಹಾಗೆ.

"ಅದಾವ್ರಿ ಸರ. ನಿಮ್ಮ ಕಾರಿಗೆ ಅದಾವು. ನಮ್ಮ ಗಾಡಿಗೆ ಇಲ್ಲ" ಅಂದ ಈರುಳ್ಳಿಯವನು.

ಹಾವೇರಿ ಕಡೆಯವನು. ಹೊಸೂರಿನಿಂದ ಪುಣೆಗೆ ಬಿಡಿಭಾಗದ ಲೋಡು. ನನ್ನ ಮಗಳ ಮುಖ ನೋಡಿದನೋ ಏನೋ, "ಬರ್ರಿ, ಉಣ್ಣೂಣು. ಅಕ್ಕಾರ, ನೀವೂ ಬರ್ರಿ" ಅಂತ ನನ್ನ ಹೆಂಡತಿಯನ್ನೂ ಕರೆದ. ಬೇಡ ಬೇಡ ಅಂತ ಎರಡು ಸಲ ಅಂದೆವು. ಮೂರನೇ ಸಲ ಅನ್ನಲಿಲ್ಲ. ಅನ್ನ, ಟೊಮೆಟೊ ಸಾರು, ಅದರೊಳಗೆ ಒಡೆದು ಬಿಟ್ಟ ಮೊಟ್ಟೆ. ಮೊಟ್ಟೆ ಸಾರಿನಲ್ಲೇ ಬೆಂದು ಗಟ್ಟಿಯಾಗಿತ್ತು. ಮನೆಯಲ್ಲಿ ಮೊಟ್ಟೆ ಮುಟ್ಟದ ಹುಡುಗಿ ಎರಡನೇ ಸಲ ಹಾಕಿಸಿಕೊಂಡಳು. ಎದ್ದು ಕೈ ತೊಳೆದು ಹಣ ಕೊಡಲು ಹೋದರೆ ಅವನು ನಕ್ಕ. "ಮುಂದಿನ ಟ್ರಿಪ್ಪಿಗೆ ಕೊಡ್ರಿ ಸರ."

ಆ ಮಾತು ಕೇಳಿ ಎಷ್ಟು ವರ್ಷ ಆಗಿತ್ತು!

ಅಪ್ಪನ ನಿಯಮ ಯಾಕೆ ಸರಿ ಇತ್ತು ಅನ್ನುವುದನ್ನು ಆಮೇಲೆ ಕಾರಿನಲ್ಲಿ ಯೋಚಿಸುತ್ತಾ ಬಂದೆ. ಲಾರಿ ಡ್ರೈವರಿಗೆ ನಾಲಿಗೆ ರುಚಿ ಜಾಸ್ತಿ ಅಂತೇನೂ ಇಲ್ಲ. ಅವನು ಊಟಕ್ಕೆ ಕೊಡುತ್ತಿದ್ದದ್ದು ಅವನ ಬ್ಯಾಟಾ ದುಡ್ಡು, ಅಂದರೆ ದಾರಿ ಖರ್ಚಿಗೆ ಮಾಲೀಕ ಕೊಡುವ ಭತ್ಯೆ. ಉಳಿದರೆ ಮನೆಗೆ, ಖರ್ಚಾದರೆ ಹೊಟ್ಟೆಗೆ. ಹಾಗಾಗಿ ಅವನು ಲೆಕ್ಕ ಹಾಕುತ್ತಿದ್ದ. ಕೊಟ್ಟ ದುಡ್ಡಿಗೆ ಹೊಟ್ಟೆ ತುಂಬಬೇಕು, ರಾತ್ರಿ ಇಡೀ ಗಾಡಿ ಓಡಿಸುವವನಿಗೆ ಹೊಟ್ಟೆ ಕೆಡಬಾರದು. ಇನ್ನೊಂದು, ಅವನು ಅದೇ ಲೈನಿನಲ್ಲಿ ತಿಂಗಳಿಗೆ ನಾಲ್ಕೈದು ಸಲ ಓಡಾಡುವವನು. ಇವತ್ತು ಹಳಸಿದ ಸಾರು ಹಾಕಿದರೆ ಮುಂದಿನ ವಾರ ಅವನೂ ಬರುವುದಿಲ್ಲ, ಅವನ ಜೊತೆಯವರೂ ಬರುವುದಿಲ್ಲ. ಹೋಟೆಲಿನವನಿಗೆ ಇದು ಗೊತ್ತಿತ್ತು.

ಬಸ್ಸು ನಿಲ್ಲುವ ಹೋಟೆಲಿನ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಎಲ್ಲಿ ನಿಲ್ಲಿಸಬೇಕು ಅಂತ ತೀರ್ಮಾನ ಮಾಡುವವರು ಡ್ರೈವರ್ ಮತ್ತು ಕಂಡಕ್ಟರ್. ಎಷ್ಟೋ ಕಡೆ ಅವರಿಗೆ ಊಟ ಪುಕ್ಕಟೆ, ಅದೂ ಒಳಗಿನ ಬೇರೆ ರೂಮಿನಲ್ಲಿ, ಬಿಸಿಬಿಸಿ. ದುಡ್ಡು ಕೊಡುವವರು ಪ್ರಯಾಣಿಕರು, ಮತ್ತೆ ಬಂದರೂ ಅದೇ ಬಸ್ಸು ಅಲ್ಲೇ ನಿಲ್ಲುತ್ತೆ, ಬೇರೆ ದಾರಿ ಇಲ್ಲ. ಆ ಹೋಟೆಲುಗಳ ಇಡ್ಲಿ ಹೇಗಿರುತ್ತಿತ್ತು ಅಂತ ರಾತ್ರಿ ಬಸ್ಸಿನಲ್ಲಿ ಓಡಾಡಿದ ಯಾರಿಗೂ ಹೇಳಬೇಕಾಗಿಲ್ಲ.

ನನಗೆ ಇದೆಲ್ಲ ಗೊತ್ತಾಗಿದ್ದು ನಮ್ಮ ಮಾಮನಿಂದ. ಅಮ್ಮನ ಅಣ್ಣ. ಹಿರಿಯೂರಿನ ಹತ್ತಿರ ಆಗಿನ ಎನ್‌ಎಚ್ 4ರ ಮಗ್ಗುಲಲ್ಲಿ ಅವರದೊಂದು ಲಾರಿ ಹೋಟೆಲ್ ಇತ್ತು. ಈಗ ಆ ರಸ್ತೆಗೆ 48 ಅಂತಾರೆ. ಡ್ರೈವರುಗಳ ಬಾಯಲ್ಲಿ ಇವತ್ತಿಗೂ ಅದು ಪೂನಾ ರೋಡು. ಬೋರ್ಡಿನಲ್ಲಿ ದೇವರ ಹೆಸರೇನೋ ಇತ್ತು, ಯಾರೂ ಆ ಹೆಸರು ಹೇಳುತ್ತಿರಲಿಲ್ಲ. 'ಹುಣಸೇಮರದ ಹೋಟ್ಲು' ಅಂದರೆ ಕೊಲ್ಹಾಪುರದಿಂದ ನಾಮಕ್ಕಲ್‌ವರೆಗೆ ಗೊತ್ತಾಗುತ್ತಿತ್ತು.

ತೊಂಬತ್ತರ ದಶಕದಲ್ಲಿ ನನ್ನ ಬೇಸಿಗೆ ರಜೆಗಳೆಲ್ಲ ಅಲ್ಲೇ ಕಳೆದವು. ಶೀಟಿನ ಚಾವಣಿ, ಮುಂದೆ ಎಂಟು ಹಗ್ಗದ ಮಂಚ. ಮಂಚಕ್ಕೆ ಅಡ್ಡ ಒಂದು ಹಲಗೆ ಇಟ್ಟರೆ ಅದೇ ಟೇಬಲ್ಲು. ಹಲಗೆ ತೆಗೆದರೆ ಹಾಸಿಗೆ. ಪಕ್ಕದಲ್ಲಿ ಎಮ್ಮೆ ಇಳಿಯುವಷ್ಟು ದೊಡ್ಡ ನೀರಿನ ತೊಟ್ಟಿ. ಸಂಜೆ ನಾಲ್ಕಕ್ಕೆ ಡ್ರೈವರುಗಳು ಪಟ್ಟಾಪಟ್ಟಿ ಚಡ್ಡಿಯಲ್ಲಿ ನಿಂತು ಚೊಂಬಿನಿಂದ ಸುರಿದುಕೊಳ್ಳುತ್ತಿದ್ದರು. ಆ ಲೈಫ್‌ಬಾಯ್ ವಾಸನೆ, ಡೀಸೆಲ್ ವಾಸನೆ, ಹುರುಳಿಕಾಳಿನ ಸಾರಿನ ಒಗ್ಗರಣೆ, ಮೂರೂ ಸೇರಿದ್ದು ನನಗೆ ರಜೆಯ ವಾಸನೆ. ಹಿಂದೆ ಒಬ್ಬ ಕೇರಳದವನ ಪಂಕ್ಚರ್ ಅಂಗಡಿ, ಅದರ ಪಕ್ಕ ಬೀಡಾ ಅಂಗಡಿ. ಊಟ ಅಂದರೆ ಮುದ್ದೆ, ಸೊಪ್ಪಿನ ಸಾರು ಅಥವಾ ಕಾಳಿನ ಸಾರು, ಅನ್ನ, ಮಜ್ಜಿಗೆ. ಉತ್ತರದ ಗಾಡಿಗಳು ಜಾಸ್ತಿ ಆದ ಮೇಲೆ ಒಂದು ತಂದೂರಿ ಒಲೆಯೂ ಬಂತು.

ನನ್ನ ಕೆಲಸ ಗಲ್ಲಾ ಪಕ್ಕ ಕೂತು ಖಾತೆ ಬರೆಯುವುದು. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ. ಮೊದಲ ದಿನ ನಾನು ಒಬ್ಬ ಡ್ರೈವರನ ಹೆಸರು ಬರೆಯಲು ಹೋದಾಗ ಮಾಮ ತಲೆ ಮೇಲೆ ಮೊಟಕಿದರು.

"ಹೆಸರು ಯಾಕೋ ಬರೀತೀಯ? ಗಾಡಿ ನಂಬರ್ ಬರಿ. ಈ ಲೈನಲ್ಲಿ ಮಂಜಣ್ಣ ಅನ್ನೋರೇ ಇಪ್ಪತ್ತು ಜನ ಅವ್ರೆ."

ಆ ಪುಸ್ತಕದಲ್ಲಿ ಮನುಷ್ಯರೇ ಇರಲಿಲ್ಲ. ಕೆಎ 25 ಅಂದರೆ ಹುಬ್ಬಳ್ಳಿ-ಧಾರವಾಡದ್ದು, ಟಿಎನ್ 28 ನಾಮಕ್ಕಲ್, ಎಂಎಚ್ 09 ಕೊಲ್ಹಾಪುರ. ನಂಬರಿನ ಎದುರು ಬಾಕಿ. ನನಗೆ ಜಿಲ್ಲೆಗಳು ಗೊತ್ತಾಗಿದ್ದು ಶಾಲೆಯ ಭೂಪಟದಿಂದಲ್ಲ, ಈ ಬಾಕಿ ಪುಸ್ತಕದಿಂದ. ಗಾಡಿ ಕೆಟ್ಟು ಎರಡು ದಿನ ಬಿದ್ದುಕೊಂಡವರು, ಲೋಡ್ ಸಿಗದೆ ಕೈ ಖಾಲಿ ಆದವರು, ಎಲ್ಲರಿಗೂ ಮಾಮ ಹೇಳುತ್ತಿದ್ದದ್ದು ಒಂದೇ ಮಾತು: "ಉಣ್ಣು ಮೊದ್ಲು. ಮುಂದಿನ ಟ್ರಿಪ್ಪಿಗೆ ಕೊಡು."

ಒಂದು ಸಲ ಹೀಗಾಯಿತು. ಬಾಕಿ ಇದ್ದ ಒಂದು ಗಾಡಿ ಆರು ತಿಂಗಳಾದ ಮೇಲೆ ಬಂದು ನಿಂತಿತು. ಇಳಿದವನು ಬೇರೆ ಡ್ರೈವರ್. ಹಳಬ ಕೆಲಸ ಬಿಟ್ಟು ಹೋಗಿದ್ದ. ಮಾಮ ಪುಸ್ತಕ ತೆಗೆದು ತೋರಿಸಿದರು, 46 ರೂಪಾಯಿ. ಹೊಸಬ ಒಂದು ಮಾತೂ ಆಡದೆ ಎಣಿಸಿ ಕೊಟ್ಟ. "ಗಾಡಿ ಮೇಲಿನ ಸಾಲ ಅಲ್ವಾ ಸಾವ್ಕಾರ್ರೆ, ನಾಳೆ ನಾನೂ ಇಲ್ಲೇ ಉಣ್ಬೇಕು" ಅಂದ. ನನಗಾಗ ಹನ್ನೆರಡು ವರ್ಷ. ಇದರಲ್ಲಿ ಆಶ್ಚರ್ಯಪಡುವಂಥದ್ದು ಏನಿದೆ ಅಂತ ಆಗ ಹೊಳೆದಿರಲಿಲ್ಲ.

ಊಟಕ್ಕಿಂತ ಜಾಸ್ತಿ ಅಲ್ಲಿ ನಡೆಯುತ್ತಿದ್ದದ್ದು ಸುದ್ದಿ. ಹೋಟೆಲಿನಲ್ಲಿ ಒಂದು ಎಸ್‌ಟಿಡಿ ಫೋನು. ದಾವಣಗೆರೆಯ ಟ್ರಾನ್ಸ್‌ಪೋರ್ಟ್ ಆಫೀಸಿನಿಂದ ಕರೆ ಬರುತ್ತಿತ್ತು, ಇಂಥ ನಂಬರಿನ ಗಾಡಿ ಬಂದರೆ ಹೇಳಿ, ವಾಪಸ್ ಲೋಡು ಇದೆ ಅಂತ. ಯಾರದೋ ಮನೆಯಲ್ಲಿ ಹೆರಿಗೆ ಆದ ಸುದ್ದಿಯನ್ನು ನಾನೇ ಓಡಿ ಹೋಗಿ ತೊಟ್ಟಿ ಹತ್ತಿರ ಸೋಪು ಹಚ್ಚಿಕೊಂಡು ನಿಂತವನಿಗೆ ಹೇಳಿದ್ದೇನೆ. ಅವನು ಸೋಪಿನ ಕೈಯಲ್ಲೇ ನನ್ನ ಕೆನ್ನೆ ಹಿಂಡಿದ್ದ.

ಹಾಗಂತ ಅದೇನು ಸ್ವರ್ಗ ಅಲ್ಲ. ಹಳೇ ಢಾಬಾಗಳ ಬಗ್ಗೆ ಬರೆಯುವವರೆಲ್ಲ ಮಂಚ, ಮುದ್ದೆ ಅಂತ ಬರೆದು ಸುಮ್ಮನಾಗುತ್ತಾರೆ. ನಾನೂ ಈಗ ಅದನ್ನೇ ಮಾಡಿದೆ. ಕಕ್ಕಸು ಅಂದರೆ ಹಿಂದಿನ ಜಾಲಿ ಮರಗಳ ಮರೆ. ಹೆಂಗಸರು ಆ ಕಡೆ ಕಾಲಿಡುವ ಹಾಗಿರಲಿಲ್ಲ, ನಮ್ಮತ್ತೆ ಅಡುಗೆ ಮನೆಯಿಂದ ಆಚೆ ಬಂದಿದ್ದನ್ನು ನಾನು ನೋಡಿಲ್ಲ. ಕತ್ತಲಾದ ಮೇಲೆ ಲೋಟದಲ್ಲಿ ಏನು ಹೋಗುತ್ತಿತ್ತು ಅನ್ನುವುದನ್ನು ಮಕ್ಕಳು ನೋಡಬಾರದು ಅಂತ ನಮ್ಮನ್ನು ಒಳಗೆ ಕಳಿಸುತ್ತಿದ್ದರು. ಆಮೇಲೆ ಆ ಹುಡುಗ. ನನ್ನದೇ ವಯಸ್ಸು, ಚಳ್ಳಕೆರೆ ಕಡೆಯವನು. ನಾನು ಖಾತೆ ಬರೆಯುವಾಗ ಅವನು ತಟ್ಟೆ ತೊಳೆಯುತ್ತಿದ್ದ. ರಜೆ ಮುಗಿದ ಮೇಲೆ ನಾನು ಶಾಲೆಗೆ ವಾಪಸ್, ಅವನು ಅಲ್ಲೇ. ಹೋಟೆಲು, ಢಾಬಾಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಅಂತ ಕಾನೂನು ಬಂದದ್ದು 2006ರ ಅಕ್ಟೋಬರಿನಲ್ಲಿ. ಅಷ್ಟು ಹೊತ್ತಿಗೆ ಅವನಿಗೆ ಮೀಸೆ ಬಂದಿತ್ತು.

ಮಾಮನ ಹೋಟೆಲನ್ನು ಮುಚ್ಚಿಸಿದ್ದು ಇನ್ನೊಂದು ಹೋಟೆಲ್ ಅಲ್ಲ. ರಸ್ತೆ.

ಸುವರ್ಣ ಚತುಷ್ಪಥ ನೆನಪಿದೆಯಲ್ವಾ? ದಿಲ್ಲಿ, ಮುಂಬೈ, ಚೆನ್ನೈ, ಕೋಲ್ಕತ್ತಾ ಜೋಡಿಸುವ 5,846 ಕಿಲೋಮೀಟರ್ ರಸ್ತೆ. ಅದರ ಮುಂಬೈ-ಚೆನ್ನೈ ತುಂಡು ನಮ್ಮ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರು, ಕೋಲಾರದ ಮೇಲೆ ಹೋಗುತ್ತದೆ. ಮೊದಲು ನಾಲ್ಕು ಲೇನು, ಆಮೇಲೆ ತುಮಕೂರಿನಿಂದ ಚಿತ್ರದುರ್ಗದವರೆಗೆ ಆರು. ಭೂಸ್ವಾಧೀನದಲ್ಲಿ ಹೋಟೆಲಿನ ಮುಂಭಾಗ ಹೋಯಿತು. ಹುಣಸೇಮರವೂ ಹೋಯಿತು. ಪರಿಹಾರ ಬಂತು, ಮಾಮ ಹಿಂದಕ್ಕೆ ಸರಿದು ಆರ್‌ಸಿಸಿ ಕಟ್ಟಡ ಕಟ್ಟಿದರು. ಎಲ್ಲರೂ ಹೇಳಿದ್ದು ಒಂದೇ, ರಸ್ತೆ ದೊಡ್ಡದಾದರೆ ಗಾಡಿ ಜಾಸ್ತಿ, ಗಾಡಿ ಜಾಸ್ತಿ ಆದರೆ ವ್ಯಾಪಾರ ಜಾಸ್ತಿ.

ಗಾಡಿ ಜಾಸ್ತಿ ಆಯಿತು, ಅದರಲ್ಲಿ ಸುಳ್ಳಿಲ್ಲ. ಆದರೆ ಮಧ್ಯೆ ಡಿವೈಡರ್ ಬಂತು. ಬೆಂಗಳೂರಿನಿಂದ ಬರುವ ಗಾಡಿಗೆ ಹೋಟೆಲ್ ಎದುರಿಗೇ ಕಾಣುತ್ತೆ, ಬರಬೇಕಾದರೆ 3 ಕಿಲೋಮೀಟರ್ ಮುಂದೆ ಹೋಗಿ ಅಂಡರ್‌ಪಾಸಿನಲ್ಲಿ ತಿರುಗಿಕೊಂಡು ಬರಬೇಕು, ಊಟ ಆದ ಮೇಲೆ ಇನ್ನೊಂದು ಕಡೆ ಹೋಗಿ ಮತ್ತೆ ತಿರುಗಬೇಕು. ಒಂದು ಮುದ್ದೆಗಾಗಿ ಯಾರು ಅಷ್ಟು ಡೀಸೆಲ್ ಸುಡುತ್ತಾರೆ? ಅಲ್ಲಿಗೆ ಅರ್ಧ ಗಿರಾಕಿ ಹೋದಂತೆ ಆಯಿತು. ಉಳಿದರ್ಧಕ್ಕೆ ಸರ್ವಿಸ್ ರೋಡು. ಹೆದ್ದಾರಿಯಿಂದ ಅದಕ್ಕೆ ಇಳಿಯುವ ಜಾಗ ಎಲ್ಲೋ ಹಿಂದೆ, ಹತ್ತುವ ಜಾಗ ಎಲ್ಲೋ ಮುಂದೆ.

ರಸ್ತೆ ಎತ್ತರವೂ ಆಯಿತು. ಪ್ರತಿ ಸಲ ಡಾಂಬರು ಹಾಕಿದಾಗ ಒಂದಷ್ಟು ಮೇಲೆ. ಕೊನೆಕೊನೆಗೆ ಲಾರಿ ಕ್ಯಾಬಿನ್ನಿನಲ್ಲಿ ಕೂತವನಿಗೆ ಮಾಮನ ಹೋಟೆಲಿನ ನೀರಿನ ಟ್ಯಾಂಕು ಮಾತ್ರ ಕಾಣುತ್ತಿತ್ತು. ಮಳೆ ಬಂದರೆ ಹೆದ್ದಾರಿಯ ನೀರೆಲ್ಲ ಹೋಟೆಲಿನೊಳಗೆ. ಹೆದ್ದಾರಿಗೆ ನೇರವಾಗಿ ದಾರಿ ಮಾಡಿಕೊಳ್ಳಬೇಕಾದರೆ ಅನುಮತಿ ಬೇಕು, ಅದಕ್ಕೆ ನಕ್ಷೆ, ಶುಲ್ಕ, ಗಾಡಿ ನಿಧಾನ ಆಗಲು ಒಂದು ಲೇನು, ವೇಗ ಹಿಡಿಯಲು ಇನ್ನೊಂದು ಲೇನು. ಪೆಟ್ರೋಲ್ ಕಂಪನಿಗೆ ಇದೆಲ್ಲ ಆಗುತ್ತೆ. ಎಂಟು ಮಂಚದ ಹೋಟೆಲಿಗೆ ಆಗುತ್ತಾ? ನಿಯಮ ತಪ್ಪು ಅಂತ ನಾನು ಹೇಳುತ್ತಿಲ್ಲ. ನೂರರ ವೇಗದಲ್ಲಿ ಓಡುವ ರಸ್ತೆಗೆ ಮನಸ್ಸಿಗೆ ಬಂದ ಕಡೆ ಗಾಡಿ ಇಳಿಸಿ ಹತ್ತಿಸಿದರೆ ಜನ ಸಾಯುತ್ತಾರೆ. ಆದರೆ ನಿಯಮ ಮಾಡಿದವರ ನಕ್ಷೆಯಲ್ಲಿ ಟೋಲ್ ಬೂತಿಗೆ ಜಾಗ ಇತ್ತು, ಲಾರಿಯವನು ಮಲಗಲು ಜಾಗ ಇರಲಿಲ್ಲ. ಜಾಗ ಬಿಡಬೇಕು ಅಂತ ಹೊಳೆಯಲು ಬಹಳ ವರ್ಷ ಹಿಡಿಯಿತು.

ಲಾರಿ ಹೋಟೆಲುಗಳು ಸೊರಗಲು ಇನ್ನುಳಿದ ಕಾರಣಗಳು ಒಂದರ ಹಿಂದೆ ಒಂದು ಬಂದವು, ಕೆಲವು ಮಾಮ ಹೋಟೆಲ್ ಮುಚ್ಚಿದ ಮೇಲೆ. ಮೊದಲು ಆರು ಚಕ್ರದ ಗಾಡಿ ಇತ್ತು, ಆಮೇಲೆ ನಮ್ಮ ಕಡೆ ಟಾರಸ್ ಅನ್ನುವ ಹತ್ತು ಚಕ್ರದ್ದು, ಈಗ ಹದಿನಾಲ್ಕು, ಹದಿನಾರು. ಹದಿನಾರು ಚಕ್ರದ್ದು ಒಂದು ತಿರುಗಬೇಕಾದರೆ ಮಾಮನ ಇಡೀ ಅಂಗಳ ಬೇಕು. ಕ್ಲೀನರ್ ಅನ್ನುವ ಜಾತಿಯೇ ಮಾಯವಾಯಿತು, ಬಾಡಿಗೆ ಗಿಟ್ಟುವುದಿಲ್ಲ ಅಂತ ಮಾಲೀಕರು ಒಬ್ಬನೇ ಡ್ರೈವರನ್ನು ಕಳಿಸುತ್ತಾರೆ. ಡೀಸೆಲಿಗೆ ಮಾಲೀಕನೇ ದುಡ್ಡು ತುಂಬುವ ಫ್ಲೀಟ್ ಕಾರ್ಡು, ಟೋಲಿಗೆ 2021ರಿಂದ ಕಡ್ಡಾಯವಾದ ಫಾಸ್ಟ್ಯಾಗ್. ಡ್ರೈವರನ ಕೈಯಲ್ಲಿ ನಗದು ಓಡಾಡುವುದೇ ಕಮ್ಮಿ ಆಯಿತು. ಗಾಡಿ ಎಲ್ಲಿ ಎಷ್ಟು ಹೊತ್ತು ನಿಂತಿದೆ ಅಂತ ಮಾಲೀಕನ ಮೊಬೈಲಿನಲ್ಲಿ ಕಾಣುತ್ತೆ. ಅದರ ಮೇಲೆ ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ರಹದಾರಿ. ಶುರುವಾದಾಗ 100 ಕಿಲೋಮೀಟರಿಗೆ ಒಂದು ದಿನ ಅಂತ ಅವಧಿ ಕೊಡುತ್ತಿದ್ದರು, 2021ರ ಜನವರಿಯಿಂದ 200 ಕಿಲೋಮೀಟರಿಗೆ ಒಂದು ದಿನ. ಲೆಕ್ಕಕ್ಕೆ ಅದೇನೂ ಕಷ್ಟದ ದೂರ ಅಲ್ಲ. ಆದರೆ ಗಾಡಿ ಕೆಟ್ಟು ನಿಂತರೆ, ಲೋಡು ತಡವಾದರೆ, ಡ್ರೈವರನ ತಲೆಯಲ್ಲಿ ಗಡಿಯಾರ ಟಿಕ್ ಟಿಕ್ ಅನ್ನುತ್ತಿರುತ್ತೆ. ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಅಂತ 1961ರ ಕಾಯ್ದೆಯಲ್ಲೇ ಬರೆದಿತ್ತು. ಬೇವಿನ ಮರದ ಕೆಳಗೆ ಸಿಕ್ಕವನಿಗೆ ಇದನ್ನು ಹೇಳಿದೆ. ಅವನು ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು.

ಮಧ್ಯೆ ಒಂದು ಗಣಿ ಪ್ರಕರಣವೂ ಇದೆ. ಮಾಮನ ಹೋಟೆಲಿನಲ್ಲಿ ತಂದೂರಿ ಬಡಿಯುತ್ತಿದ್ದವನು 2006ರ ಸುಮಾರಿಗೆ ಕೆಲಸ ಬಿಟ್ಟು ಹೊಸಪೇಟೆ-ಅಂಕೋಲಾ ರಸ್ತೆಯಲ್ಲಿ ಸ್ವಂತ ಢಾಬಾ ಹಾಕಿದ. ಸಂಡೂರು, ಬಳ್ಳಾರಿಯ ಅದಿರು ಬೇಲೆಕೇರಿ ಬಂದರಿಗೆ ಹಗಲು ರಾತ್ರಿ ಹೋಗುತ್ತಿದ್ದ ಕಾಲ. ಕೆಂಪು ಧೂಳು ಅನ್ನದ ಮೇಲೂ ಕೂರುತ್ತಿತ್ತಂತೆ, ಆದರೂ ಜಾಗ ಸಿಗದೆ ಡ್ರೈವರುಗಳು ನಿಂತು ಉಣ್ಣುತ್ತಿದ್ದರಂತೆ. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಒಂದು ವಾರ ಕಾದೆ ಸಾವ್ಕಾರ್ರೆ, ಒಂದು ಗಾಡಿ ಬರಲಿಲ್ಲ ಅಂತ ವಾಪಸ್ ಬಂದು ಮಾಮನ ಹತ್ತಿರ ಅತ್ತ. ಅಷ್ಟು ಹೊತ್ತಿಗೆ ಮಾಮನಿಗೇ ತಂದೂರಿ ಒಲೆ ಹಚ್ಚುವಷ್ಟು ಗಿರಾಕಿ ಇರಲಿಲ್ಲ.

ಈಗ ಆ ದಾರಿಯಲ್ಲಿ ಹೋದರೆ ಢಾಬಾ ಅನ್ನುವ ಬೋರ್ಡು ಮೊದಲಿಗಿಂತ ಜಾಸ್ತಿಯೇ ಕಾಣುತ್ತೆ. 'ಫ್ಯಾಮಿಲಿ ಢಾಬಾ'. ಬಣ್ಣದ ಲೈಟು, ಉಯ್ಯಾಲೆ, ಫೋಟೊ ತೆಗೆಸಿಕೊಳ್ಳಲು ಒಂದು ಎತ್ತಿನ ಗಾಡಿ. ಅಂಗಳದಲ್ಲಿ ಹಗ್ಗದ ಮಂಚವೂ ಇದೆ, ಅದರ ಮೇಲೆ ಯಾರೂ ಮಲಗುವುದಿಲ್ಲ. ಲಾರಿ ಒಳಗೆ ಬಂದರೆ ಸೆಕ್ಯುರಿಟಿಯವನು ಸೀಟಿ ಊದುತ್ತಾನೆ. 2016ರ ಕೊನೆಯಲ್ಲಿ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು ಅಂತ ಸುಪ್ರೀಂ ಕೋರ್ಟಿನ ಆದೇಶ ಬಂದ ಮೇಲೆ ಕೆಲವರು ಬೋರ್ಡು ಬದಲಾಯಿಸಿ 'ಫ್ಯಾಮಿಲಿ' ಸೇರಿಸಿಕೊಂಡರು. ಟೋಲ್ ಆಚೀಚೆ ಫುಡ್ ಪ್ಲಾಜಾಗಳು ಬಂದವು, ಗಾಜಿನ ಕಟ್ಟಡ, ಟೋಕನ್ ವ್ಯವಸ್ಥೆ.

ಅಂಥ ಒಂದು ಪ್ಲಾಜಾದಲ್ಲಿ ಹೋದ ವರ್ಷ ನಾನು ರಾಗಿ ಮುದ್ದೆ ತಗೊಂಡೆ. ಮುದ್ದೆ ಒಳಗೆ ಹಿಟ್ಟಿನ ಗಂಟು. ಮುರಿದರೆ ಬಿಳಿ ಪುಡಿ ಉದುರಿತು. ಕೌಂಟರಿಗೆ ತೋರಿಸಿದೆ. ಆ ಹುಡುಗ ತುಂಬಾ ಮರ್ಯಾದೆಯಿಂದ, "ಸಾರ್, ಫೀಡ್‌ಬ್ಯಾಕ್‌ಗೆ ಕ್ಯೂಆರ್ ಕೋಡ್ ಇದೆ" ಅಂದ. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನಿಗೂ ಗೊತ್ತು, ನನಗೂ ಗೊತ್ತು, ನಾನು ಮತ್ತೆ ಅಲ್ಲಿಗೆ ಬರುವವನಲ್ಲ. ಬಂದರೂ ಅವನಿಗೆ ನನ್ನ ಗುರುತು ಇರುವುದಿಲ್ಲ, ಅಷ್ಟು ಹೊತ್ತಿಗೆ ಅವನೇ ಅಲ್ಲಿ ಇರುವುದಿಲ್ಲ. ನಾನು ಬಿಟ್ಟರೆ ಇನ್ನೊಂದು ಕಾರು. ನಮ್ಮ ಹೆದ್ದಾರಿ ಊಟ ಕೆಟ್ಟಿದ್ದು ಇಲ್ಲೇ ಅಂತ ನನಗೆ ಅನ್ನಿಸುತ್ತೆ. ಮತ್ತೆ ಬರುವ ಗಿರಾಕಿ ಹೋಗಿ ಒಂದೇ ಸಲ ಬರುವ ಗಿರಾಕಿ ಬಂದ. ಮಾಮನ ಕೈ ಮೇಲೆ ಒಂದು ಕಣ್ಣಿಟ್ಟು ಕೂತಿರುತ್ತಿದ್ದ ಆ ಪಟ್ಟಾಪಟ್ಟಿ ಚಡ್ಡಿಯವನು ನಮಗೂ ಸೇರಿಸಿ ಊಟ ಪರೀಕ್ಷೆ ಮಾಡುತ್ತಿದ್ದ. ಅವನನ್ನು ಆಚೆ ಕಳಿಸಿದ್ದಾಯಿತು, ಈಗ ನಾವೇ ಗಂಟಿನ ಮುದ್ದೆ ತಿನ್ನಬೇಕು.

ಸರ್ಕಾರಕ್ಕೂ ತಡವಾಗಿ ಲಾರಿಯವನು ಕಣ್ಣಿಗೆ ಬಿದ್ದಿದ್ದಾನೆ, ಇದನ್ನೂ ಹೇಳಬೇಕು. ಹೆದ್ದಾರಿಗಳಲ್ಲಿ 40ರಿಂದ 60 ಕಿಲೋಮೀಟರಿಗೊಂದು ವಿಶ್ರಾಂತಿ ತಾಣ ಅಂತ ಯೋಜನೆ ಇದೆ. ಪೆಟ್ರೋಲ್ ಕಂಪನಿಗಳು ಬಂಕ್‌ಗಳಲ್ಲಿ 'ಅಪ್ನಾ ಘರ್' ಅಂತ ಡ್ರೈವರುಗಳಿಗಾಗಿ ಮಲಗುವ ಜಾಗ, ಶೌಚಾಲಯ, ಸ್ನಾನದ ವ್ಯವಸ್ಥೆ ಮಾಡುತ್ತಿವೆ. ಈಗ ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಹಾವೇರಿಯವನು ಬಂಕಿನ ರೂಮಿನಲ್ಲಿ ಎರಡು ಸಲ ಮಲಗಿದ್ದಾನೆ. "ಛಲೋ ಅದಾವ್ರಿ, ಸಂಡಾಸ ಸ್ವಚ್ಛ ಅದ" ಅಂದ. ಮಾಮನ ಹೋಟೆಲಿನ ಬಗ್ಗೆ ಆ ಮಾತು ಯಾರೂ ಹೇಳಿರಲಿಕ್ಕಿಲ್ಲ. ಆಮೇಲೆ ಅವನೇ, "ಆದ್ರ ಖಾಲಿ ಸಿಗಬೇಕಲ್ರಿ" ಅಂದ. ಅಪ್ನಾ ಘರ್‌ಗಳಲ್ಲಿ ಡ್ರೈವರುಗಳು ತಾವೇ ಅಡುಗೆ ಮಾಡಿಕೊಳ್ಳಲು ಒಂದು ಜಾಗವೂ ಇರುತ್ತೆ. ಒಳ್ಳೆಯ ವಿಚಾರವೇ. ಆದರೆ ಇನ್ನು ಮುಂದೆ ಡ್ರೈವರು ರಸ್ತೆಯಲ್ಲಿ ಯಾರ ಕೈಯ ಊಟವನ್ನೂ ನಂಬುವುದಿಲ್ಲ ಅಂತ ಸರ್ಕಾರವೇ ಒಪ್ಪಿಕೊಂಡ ಹಾಗೂ ಇದೆ.

ಪೇಪರಿನಲ್ಲಿ ವಾರಕ್ಕೊಮ್ಮೆಯಾದರೂ ಒಂದು ತಲೆಬರಹ ಇರುತ್ತೆ: 'ನಿಂತಿದ್ದ ಲಾರಿಗೆ ಕಾರು ಡಿಕ್ಕಿ'. ಎಷ್ಟು ಜನ ಸತ್ತರು, ಯಾವ ಊರಿನವರು, ಎಲ್ಲ ಬರೆದಿರುತ್ತಾರೆ. ಲಾರಿ ಅಲ್ಲಿ ಯಾಕೆ ನಿಂತಿತ್ತು ಅಂತ ಮಾತ್ರ ಬರೆದಿರುವುದಿಲ್ಲ. ಕೆಲವು ಕೆಟ್ಟು ನಿಂತಿರುತ್ತವೆ. ಕೆಲವು ನಿದ್ದೆಗೆ ನಿಂತಿರುತ್ತವೆ, ಬೇರೆ ಎಲ್ಲೂ ನಿಲ್ಲಲು ಆಗದೆ. 2025ರ ನವೆಂಬರಿನಲ್ಲಿ ರಾಜಸ್ಥಾನದ ಫಲೋದಿ ಹತ್ತಿರ ನಿಂತಿದ್ದ ಟ್ರೇಲರಿಗೆ ಟೆಂಪೊ ಟ್ರಾವೆಲರ್ ಗುದ್ದಿ ಹಲವರು ಸತ್ತರು. ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು ಹೆದ್ದಾರಿ ಬದಿಯ ಢಾಬಾಗಳ ಲೆಕ್ಕ ಕೇಳಿತು. ಢಾಬಾಗಳ ಲೆಕ್ಕದ ಜೊತೆ ಲಾರಿ ನಿಲ್ಲುವ ಜಾಗಗಳ ಲೆಕ್ಕವೂ ಬಂದರೆ ಚೆನ್ನ. ಅಮೆರಿಕದಲ್ಲಿ 2009ರಲ್ಲಿ ಜೇಸನ್ ರಿವೆನ್‌ಬರ್ಗ್ ಅನ್ನುವ ಡ್ರೈವರ್ ಲೋಡು ಇಳಿಸುವ ಹೊತ್ತಿಗಿಂತ ಮುಂಚೆ ಬಂದು, ಎಲ್ಲೂ ಜಾಗ ಸಿಗದೆ ಒಂದು ಪಾಳುಬಿದ್ದ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿದ್ದ. ಅಲ್ಲಿ ದರೋಡೆಗೆ ಬಂದವನು ಅವನನ್ನು ಕೊಂದ. ಅವನ ಹೆಂಡತಿ ಪಟ್ಟು ಬಿಡದೆ ಓಡಾಡಿದ್ದಕ್ಕೆ 2012ರಲ್ಲಿ ಲಾರಿ ಪಾರ್ಕಿಂಗ್ ಬಗ್ಗೆ 'ಜೇಸನ್ ಕಾನೂನು' ಬಂತು. ಇಲ್ಲಿ ಹಾವೇರಿಯವನು ಡೀಸೆಲ್ ಕಳ್ಳರಿಗೆ ಹೆದರಿ ಟ್ಯಾಂಕಿನ ಪಕ್ಕ ನೆಲದ ಮೇಲೆ ಟಾರ್ಪಾಲು ಹಾಸಿಕೊಂಡು ಮಲಗುತ್ತಾನಂತೆ.

ಆವತ್ತು ಹಿರಿಯೂರಿನಲ್ಲಿ ಮಾಮನ ಮನೆಗೆ ಹೋದೆವು. ಹೋಟೆಲ್ ಮುಚ್ಚಿ ಹತ್ತು ವರ್ಷದ ಮೇಲಾಯಿತು. ಆ ಆರ್‌ಸಿಸಿ ಕಟ್ಟಡದಲ್ಲಿ ಈಗ ಯಾರೋ ಸಿಮೆಂಟ್ ಮೂಟೆ ತುಂಬಿಟ್ಟಿದ್ದಾರೆ. ಮಾಮನಿಗೆ ಎಪ್ಪತ್ತೆಂಟು, ಮಂಡಿ ನೋವು, ಕಿವಿ ಸ್ವಲ್ಪ ಮಂದ. ಅತ್ತೆ ಊಟಕ್ಕೆ ಏಳಿ ಅಂದರು. ಊಟ ಆಯ್ತು ಅತ್ತೆ ಅಂದೆ.

"ಎಲ್ಲಿ ಉಂಡ್ರಿ?" ಮಾಮ ಕೇಳಿದರು.

ಹೇಳಿದೆ. ಬೇವಿನ ಮರ, ಗ್ಯಾಸ್ ಒಲೆ, ಮೊಟ್ಟೆ ಸಾರು. ದುಡ್ಡು ಕೊಡಲು ಹೋದರೆ ಮುಂದಿನ ಟ್ರಿಪ್ಪಿಗೆ ಕೊಡ್ರಿ ಅಂದ ಮಾಮ, ಅಂತ ಜೋರಾಗಿ ಹೇಳಿದೆ. ಅವರು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಮುಂದಕ್ಕೆ ಬಾಗಿ ಕಿವಿ ನನ್ನ ಕಡೆ ತಿರುಗಿಸಿದರು.

"ಗಾಡಿ ನಂಬರ್ ಎಷ್ಟು?"

ನಾನು ನೋಡಿಕೊಂಡಿರಲಿಲ್ಲ.